ಗೋ ಆಟದ ಮೊದಲ ಕಲ್ಲು: ಮೂಲೆಯಲ್ಲಿ ಎಲ್ಲಿಡಬೇಕು, ಏಕಿಡಬೇಕು

ಚದುರಂಗದಲ್ಲಿ ಆಟ ಶುರುವಾಗುವ ಮೊದಲೇ ಎರಡೂ ಕಡೆಯ ಸೈನ್ಯ ತನ್ನ ತನ್ನ ಮನೆಗಳಲ್ಲಿ ಸಾಲುಗಟ್ಟಿ ನಿಂತಿರುತ್ತದೆ. ಚೌಕಾಬಾರದಲ್ಲಿ ಕಾಯಿ ಹೊರಡುವ ಮನೆ ಯಾವುದೆಂದು ಮಕ್ಕಳಿಗೂ ಗೊತ್ತು. ಕಪ್ಪು, ಬಿಳಿ ಕಲ್ಲುಗಳಿಂದ ನೆಲ ಸುತ್ತುವರಿಯುವ ಗೋ ಆಟದ ಹಲಗೆಯಾದರೋ ಪೂರ್ತಿ ಖಾಲಿ. ಅಡ್ಡ 19, ಉದ್ದ 19 ಗೆರೆಗಳು ಕೂಡುವ 361 ಬಿಂದುಗಳಲ್ಲಿ ಯಾವುದರ ಮೇಲಾದರೂ ಮೊದಲ ಕಲ್ಲನ್ನಿಡುವ ಸ್ವಾತಂತ್ರ್ಯ ಕಪ್ಪು ಕಲ್ಲಿನವರಿಗಿದೆ. 9 ಗೆರೆಯ ಚಿಕ್ಕ ಹಲಗೆಯಲ್ಲಿ ನಿಯಮ ಕಲಿತು, ಸುತ್ತುವರಿದು ಕಲ್ಲು ಹಿಡಿಯುವುದನ್ನೂ ಎರಡು ಕಣ್ಣು (ಗುಂಪಿನೊಳಗಿನ ಖಾಲಿ ಜಾಗ) ಮಾಡಿ ಬದುಕುವುದನ್ನೂ ರೂಢಿಸಿಕೊಂಡವರು ದೊಡ್ಡ ಹಲಗೆಯ ಮುಂದೆ ಕುಳಿತಾಗ ಕಂಗೆಡುವುದು ಈ ಸ್ವಾತಂತ್ರ್ಯದಿಂದಲೇ. ಈ ಲೇಖನ ಅಂಥವರಿಗಾಗಿ.

ಯಾವ ನಡೆ ಎಲ್ಲಕ್ಕಿಂತ ಒಳ್ಳೆಯದು ಎಂದು ಕೇಳುತ್ತ ಕುಳಿತರೆ ಉತ್ತರ ಸಿಗುವುದಿಲ್ಲ. ಇಂದಿನ ಬಲಿಷ್ಠ ಕಂಪ್ಯೂಟರ್ ತಂತ್ರಾಂಶಗಳು ಕೂಡ ಮೂಲೆಯ ಎರಡು ಮುಖ್ಯ ನಡೆಗಳ ನಡುವೆ ಹೇಳಿಕೊಳ್ಳುವಂಥ ಅಂತರವನ್ನು ಕಾಣುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ನಾನೀಗ ಇಡುವ ಕಲ್ಲು ಇದೇ ಮೂಲೆಯಲ್ಲಿ ನನ್ನಿಂದ ಇನ್ನೊಂದು ಕಲ್ಲನ್ನು ಬೇಡುತ್ತದೆಯೇ? ಬೇಡುವುದಾದರೆ ಅದನ್ನು ಕೊಡಲು ನಾನು ಸಿದ್ಧನಿದ್ದೇನೆಯೇ? ಮುಂದೆ ಹೇಳುವುದೆಲ್ಲವೂ ಈ ಒಂದು ಪ್ರಶ್ನೆಯ ಸುತ್ತ ಇದೆ.

ಮೊದಲ ಹೆಜ್ಜೆ: ಹಲಗೆಯನ್ನು ಪಕ್ಕದಲ್ಲಿಟ್ಟುಕೊಂಡು ವಿಳಾಸ ಓದಲು ಕಲಿಯಿರಿ

ಉದ್ದಗೆರೆಗಳಿಗೆ ಎಡದಿಂದ ಬಲಕ್ಕೆ ಎ, ಬಿ, ಸಿ ಎಂದು ಟಿ ವರೆಗೆ ಹೆಸರಿದೆ. ಜೆ ಅಕ್ಷರದೊಂದಿಗೆ ಗೊಂದಲವಾಗಬಾರದೆಂದು ಐ ಅಕ್ಷರವನ್ನು ಬಿಟ್ಟಿದ್ದಾರೆ. ಅಡ್ಡಗೆರೆಗಳಿಗೆ ಕೆಳಗಿನಿಂದ ಮೇಲಕ್ಕೆ 1ರಿಂದ 19ರವರೆಗೆ ಅಂಕಿಗಳಿವೆ. ಹೀಗಾಗಿ ಮೇಲಿನ ಬಲ ಮೂಲೆಯ ತುತ್ತತುದಿ ಟಿ-19. ಅಲ್ಲಿಂದ ಎರಡೂ ಕಡೆ ನಾಲ್ಕನೆಯ ಗೆರೆಗೆ ಬಂದರೆ ಕ್ಯೂ-16. ಹಲಗೆಯ ಮೇಲೆ ಅಲ್ಲೊಂದು ಚುಕ್ಕಿಯಿರುತ್ತದೆ. ಇಂಥ ಚುಕ್ಕಿಗಳು ಒಟ್ಟು ಒಂಬತ್ತು. ಮೂಲೆಯ ಬಿಂದುಗಳನ್ನು ಅಂಚಿನಿಂದ ಎಣಿಸಿ 4-4, 3-4, 3-3 ಎಂದು ಕರೆಯುವುದೂ ವಾಡಿಕೆ. ಈ ಲೇಖನದ ಬಹುತೇಕ ಉದಾಹರಣೆಗಳನ್ನು ಮೇಲಿನ ಬಲ ಮೂಲೆಯಲ್ಲೇ ಕೊಟ್ಟಿದ್ದೇನೆ. ಅದಕ್ಕೊಂದು ಕಾರಣವೂ ಇದೆ. ನಾಲ್ಕು ಮೂಲೆಗಳೂ ಸರಿಸಮವಾದ್ದರಿಂದ ಕಪ್ಪು ಎಲ್ಲಿಟ್ಟರೂ ಲೆಕ್ಕ ಒಂದೇ, ಆದರೆ ಜಪಾನಿನ ಸಂಪ್ರದಾಯದಲ್ಲಿ ಕಪ್ಪು ತನ್ನ ಬಲಗೈಯ ದೂರದ ಮೂಲೆಯಲ್ಲಿ ಮೊದಲ ಕಲ್ಲಿಡುತ್ತದೆ; ಎದುರು ಕುಳಿತವರ ಬಲಗೈಗೆ ಹತ್ತಿರವಿರುವ ಮೂಲೆಯನ್ನು ಅವರಿಗೆ ಬಿಡುವುದು ಮರ್ಯಾದೆ.

ಎರಡನೆಯ ಹೆಜ್ಜೆ: ಮೂಲೆಯೇ ಏಕೆಂದು ಕೈಯಾರೆ ಎಣಿಸಿ ನೋಡಿ

ಅಡ್ಡ ಮೂರು, ಉದ್ದ ಮೂರು, ಒಟ್ಟು 9 ಬಿಂದುಗಳ ಗದ್ದೆಯೊಂದಕ್ಕೆ ಬದು ಹಾಕಬೇಕೆಂದುಕೊಳ್ಳಿ. ಹಲಗೆಯ ನಡುವೆ ಹಾಕುವುದಾದರೆ ನಾಲ್ಕೂ ಕಡೆ ಮೂರು ಮೂರರಂತೆ 12 ಕಲ್ಲು ಬೇಕು. ಅಂಚಿಗೆ ಒತ್ತಿಕೊಂಡು ಹಾಕಿದರೆ ಒಂದು ಕಡೆಯ ಬದುವನ್ನು ಅಂಚೇ ಒದಗಿಸುವುದರಿಂದ 9 ಸಾಕು. ಮೂಲೆಯಲ್ಲಾದರೆ ಎರಡು ಕಡೆಯ ಬದು ಪುಕ್ಕಟೆ. 6 ಕಲ್ಲಿನಲ್ಲಿ ಕೆಲಸ ಮುಗಿಯುತ್ತದೆ. ಒಂದೇ ಅಳತೆಯ ನೆಲಕ್ಕೆ ನಡುವಿನಲ್ಲಿ ತಗಲುವ ಖರ್ಚಿನ ಅರ್ಧ ಮಾತ್ರ ಮೂಲೆಯಲ್ಲಿ ತಗಲುತ್ತದೆ ಎಂಬುದನ್ನು ಒಮ್ಮೆ ಕಲ್ಲಿಟ್ಟು ಕಣ್ಣಾರೆ ನೋಡಿದವರು ಆಮೇಲೆ ಮೊದಲ ನಡೆಯನ್ನು ನಡುವಿನಲ್ಲಿಡುವ ಆಸೆಗೆ ಬೀಳುವುದು ಅಪರೂಪ. ಖಾಲಿ ಮೂಲೆ, ಆಮೇಲೆ ಮೂಲೆಯನ್ನು ಭದ್ರಪಡಿಸುವ ಅಥವಾ ಎದುರಾಳಿಯ ಮೂಲೆಯನ್ನು ಸಮೀಪಿಸುವ ನಡೆ, ಆಮೇಲೆ ಅಂಚು, ಕೊನೆಗೆ ನಡುಭಾಗ ಎಂಬ ಹಳೆಯ ಕ್ರಮ ಹುಟ್ಟಿದ್ದು ಈ ಲೆಕ್ಕದಿಂದಲೇ.

ಮೂರನೆಯ ಹೆಜ್ಜೆ: ಎಂಟು ಬಿಂದುಗಳಿಗೆ ಆಯ್ಕೆಯನ್ನು ಇಳಿಸಿ

ಒಂದು ಮೂಲೆಯಲ್ಲಿ ಮೊದಲ ಕಲ್ಲಿಗೆ ಯೋಗ್ಯವೆಂದು ಶತಮಾನಗಳ ಆಟ ಒಪ್ಪಿಕೊಂಡಿರುವ ಬಿಂದುಗಳು ಎಂಟೇ ಎಂಟು. ಜಪಾನಿ ಹೆಸರುಗಳೇ ಎಲ್ಲೆಡೆ ಬಳಕೆಯಲ್ಲಿರುವುದರಿಂದ ಅವನ್ನೇ ಇಟ್ಟುಕೊಳ್ಳುವುದು ಅನುಕೂಲ. 4-4 ಬಿಂದು ಹೋಶಿ, 3-3 ಬಿಂದು ಸಾನ್‌ಸಾನ್, ಇವು ಒಂದೊಂದೇ. 3-4 ಕೊಮೊಕು, 5-3 ಮೊಕುಹಜುಶಿ, 5-4 ತಕಾಮೊಕು. ಇವು ಕರ್ಣದ ಎರಡೂ ಬದಿಗೆ ಒಂದೊಂದರಂತೆ ಎರಡೆರಡು. ಇವುಗಳಲ್ಲಿ ಹೊಸಬರು ಮನಸ್ಸಿಟ್ಟು ಕಲಿಯಬೇಕಾದವು ಎರಡು, ಹೋಶಿ ಮತ್ತು ಕೊಮೊಕು. ಉಳಿದ ಮೂರನ್ನು ಗುರುತು ಹಿಡಿದರೆ ಸದ್ಯಕ್ಕೆ ಸಾಕು.

*ಹೋಶಿ.* ಕ್ಯೂ-16ರಲ್ಲಿ ಕಲ್ಲಿಟ್ಟಿರಿ ಎನ್ನೋಣ. ನಮ್ಮ ಪ್ರಶ್ನೆಗೆ ಈ ಕಲ್ಲು ಕೊಡುವ ಉತ್ತರ, ‘ಇಲ್ಲ, ಸದ್ಯಕ್ಕೆ ಇನ್ನೊಂದು ಕಲ್ಲು ಬೇಡ’ ಎಂಬುದು. ಅದು ಎರಡೂ ಅಂಚುಗಳನ್ನು ಸಮನಾಗಿ ನೋಡುತ್ತದೆ, ನಡುಭಾಗಕ್ಕೂ ತಲೆಯೆತ್ತಿ ನಿಂತಿರುತ್ತದೆ, ನಿಮ್ಮನ್ನು ಮುಂದಿನ ಮೂಲೆಗೆ ಹೋಗಲು ಬಿಡುತ್ತದೆ. ಆದರೆ ಮೂಲೆಯ ನೆಲ ನಿಮ್ಮದಾಯಿತೆಂದು ತಿಳಿಯಬೇಡಿ. ಆರ್-17ರ ಬಾಗಿಲು ತೆರೆದೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಕಲ್ಲಿಟ್ಟರೂ ಅದು ಪೂರ್ತಿ ಮುಚ್ಚುವುದಿಲ್ಲ. ಹೋಶಿ ಇಡುವವರು ಮೂಲೆಯನ್ನು ಕೊಂಡುಕೊಂಡಿಲ್ಲ, ಅದರ ಮೇಲೆ ಮುಂಗಡ ಇಟ್ಟಿದ್ದಾರೆ, ಅಷ್ಟೆ.

ಎದುರಾಳಿ ಸಮೀಪಿಸುವ ಕ್ರಮವನ್ನು ಒಂದು ಉದಾಹರಣೆಯಲ್ಲಿ ನೋಡಿ. ಕ್ಯೂ-16ರ ಕಪ್ಪು ಕಲ್ಲಿಗೆ ಬಿಳಿ ಬಲ ಅಂಚಿನ ಕಡೆಯಿಂದ ಆರ್-14ರಲ್ಲಿ ಬರುತ್ತದೆ. ಕಪ್ಪು ಎದುರು ಬದಿಯಲ್ಲಿ, ಕುದುರೆ ನಡೆಯ ದೂರದಲ್ಲಿ, ಓ-17ರಲ್ಲಿ ಉತ್ತರಿಸುತ್ತದೆ. ಬಿಳಿ ಎಸ್-16ಕ್ಕೆ ಜಾರಿ ಮೂಲೆಯೊಳಗೆ ಬೇರು ಬಿಡಲು ನೋಡುತ್ತದೆ. ಕಪ್ಪು ಆರ್-17ರಲ್ಲಿ ಮೂಲೆಯನ್ನು ಕಾಯುತ್ತದೆ. ಬಿಳಿ ಆರ್-11ಕ್ಕೆ ಹೋಗಿ ಅಂಚಿನ ಮೇಲೆ ಕಾಲೂರುತ್ತದೆ. ಐದು ಕಲ್ಲುಗಳು ಮುಗಿದವು. ಇಂಥ ಒಪ್ಪಿತ ಅನುಕ್ರಮಕ್ಕೆ ಜೊಸೆಕಿ ಎನ್ನುತ್ತಾರೆ. ಇದನ್ನು ಉರು ಹೊಡೆಯುವುದರಿಂದ ಪ್ರಯೋಜನ ಕಡಿಮೆ. ಒಂದೊಂದೇ ಕಲ್ಲನ್ನು ತೆಗೆದು ಏನಾಗುತ್ತದೆಂದು ನೋಡುವುದರಿಂದ ಪ್ರಯೋಜನ ಹೆಚ್ಚು. ಆರ್-17ರ ಕಪ್ಪು ಕಲ್ಲನ್ನು ತೆಗೆದು ಅಲ್ಲಿ ಬಿಳಿಯನ್ನಿಟ್ಟು ನೋಡಿ: ಮೂಲೆಯ ನೆಲವೂ ಹೋಯಿತು, ಕಪ್ಪು ಕಲ್ಲುಗಳ ಬೇರೂ ಸಡಿಲವಾಯಿತು, ಒಂದೇ ಬಿಂದು ಇಬ್ಬರಿಗೂ ಎಷ್ಟು ಬೆಲೆಯದೆಂಬುದು ಆಗ ತಿಳಿಯುತ್ತದೆ. ಆರ್-11ರ ಬಿಳಿ ಕಲ್ಲನ್ನು ತೆಗೆದು ಅದರ ಆಸುಪಾಸಿನಲ್ಲಿ ಕಪ್ಪನ್ನಿಟ್ಟು ನೋಡಿ: ಆರ್-14 ಮತ್ತು ಎಸ್-16ರ ಬಿಳಿ ಕಲ್ಲುಗಳಿಗೆ ಅಂಚಿನಲ್ಲಿ ಮನೆ ಮಾಡಿಕೊಳ್ಳಲು ಜಾಗವೇ ಇಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಐದನೆಯ ಕಲ್ಲು ಬಿಳಿಯದಾದ್ದರಿಂದ ಮುಂದಿನ ಸರದಿ ಕಪ್ಪಿನದು. ಹಲಗೆಯ ಬೇರೆ ಕಡೆ ಮೊದಲು ಆಡುವ ಈ ಹಕ್ಕಿಗೆ ಸೆಂಟೆ ಎಂದು ಹೆಸರು, ಮತ್ತು ಆರಂಭದ ಆಟದಲ್ಲಿ ಅದರ ಬೆಲೆ ಕೆಲವು ಬಿಂದುಗಳ ನೆಲಕ್ಕಿಂತ ಹೆಚ್ಚು.

ಇನ್ನು ಎದುರಾಳಿ ದೂರದಿಂದ ಸಮೀಪಿಸದೆ ನೇರವಾಗಿ ಆರ್-17ಕ್ಕೇ ನುಗ್ಗಿದರೆ? ಹಿಂದೆಲ್ಲ ಆಟದ ಆರಂಭದಲ್ಲೇ ಹೀಗೆ ನುಗ್ಗುವವರಿಗೆ ಗುರುಗಳಿಂದ ಬೈಗುಳ ಸಿಗುತ್ತಿತ್ತು. ಪುಟ್ಟ ಮೂಲೆಗಾಗಿ ಎದುರಾಳಿಗೆ ದಪ್ಪ ಹೊರಗೋಡೆ ಕಟ್ಟಿಕೊಡುತ್ತೀಯೆ ಎಂಬುದು ಆಕ್ಷೇಪ. 2016ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಕೊರಿಯಾದ ಅಗ್ರ ಆಟಗಾರ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿದ ಕಂಪ್ಯೂಟರ್ ತಂತ್ರಾಂಶ ಆಲ್ಫಾಗೋ, ಆ ವರ್ಷದ ಕೊನೆಯ ಮತ್ತು ಮರುವರ್ಷದ ಮೊದಲ ದಿನಗಳಲ್ಲಿ ಮಾಸ್ಟರ್ ಎಂಬ ಹೆಸರಿನಲ್ಲಿ ಅಂತರಜಾಲದಲ್ಲಿ ಘಟಾನುಘಟಿ ಆಟಗಾರರ ಎದುರು 60 ಆಟಗಳನ್ನಾಡಿ ಅರುವತ್ತನ್ನೂ ಗೆದ್ದ ಮೇಲೆ ಈ ಅಭಿಪ್ರಾಯ ಬದಲಾಯಿತು. ಹಳೆಯ ಕ್ರಮದಲ್ಲಿ ನುಗ್ಗಿದವರು ಎರಡನೆಯ ಗೆರೆಯಲ್ಲಿ ಒಂದು ಜೋಡಿ ನಡೆಯನ್ನು ಹೆಚ್ಚಾಗಿ ಆಡಿ ಮೂಲೆಯನ್ನು ಮುಗಿಸಿಕೊಳ್ಳುತ್ತಿದ್ದರು, ಅದರಿಂದ ಹೊರಗಿನ ಗೋಡೆ ಇನ್ನಷ್ಟು ಗಟ್ಟಿಯಾಗುತ್ತಿತ್ತು, ಸರದಿಯೂ ಕೈತಪ್ಪುತ್ತಿತ್ತು. ಆಲ್ಫಾಗೋ ಆ ಜೋಡಿ ನಡೆಯನ್ನು ಆಡದೆ ಬಿಟ್ಟು ಬೇರೆ ಕಡೆಗೆ ಹೋಯಿತು. ಸುಧಾರಣೆ ಇಷ್ಟೇ. ಇಂದು ಎಳೆಯರೂ ಹಿರಿಯರೂ ಮೂಲೆಗೆ ಬೇಗನೆ ನುಗ್ಗುತ್ತಾರೆ, ಆದ್ದರಿಂದ ಹೋಶಿ ಇಡುವವರು ಇದಕ್ಕೆ ಸಿದ್ಧರಾಗಿಯೇ ಇರಬೇಕು.

ನುಗ್ಗಿದವರನ್ನು ತಡೆಯಲು ಎರಡು ದಾರಿಗಳಿವೆ: ಕ್ಯೂ-17ರಲ್ಲಿ ತಡೆದರೆ ಬಿಳಿ ಆರ್-16ಕ್ಕೆ ಬಂದು ಬಲ ಅಂಚಿನ ಕಡೆ ಹೊರಳುತ್ತದೆ, ಆರ್-16ರಲ್ಲಿ ತಡೆದರೆ ಬಿಳಿ ಕ್ಯೂ-17ಕ್ಕೆ ಬಂದು ಮೇಲಿನ ಅಂಚಿನ ಕಡೆ ಹೊರಳುತ್ತದೆ. ಯಾವುದು ಸರಿ ಎಂಬುದಕ್ಕೆ ಉತ್ತರ ಈ ಮೂಲೆಯಲ್ಲಿಲ್ಲ, ಪಕ್ಕದ ಮೂಲೆಯಲ್ಲಿದೆ. ಕೆಳಗಿನ ಬಲ ಮೂಲೆ ನಿಮ್ಮದಾಗಿದ್ದರೆ ಬಲ ಅಂಚು ನಿಮಗೆ ಅಮೂಲ್ಯ, ಆದ್ದರಿಂದ ಆರ್-16ರಲ್ಲಿ ತಡೆದು ಬಿಳಿಯನ್ನು ಮೇಲಿನ ಅಂಚಿಗೆ ಅಟ್ಟಿ, ಗೋಡೆಯ ಮುಖವನ್ನು ಕೆಳಗೆ ತಿರುಗಿಸಿಕೊಳ್ಳಿ. ಹೊಸಬರು ಇದನ್ನು ತಲೆಕೆಳಗು ಮಾಡುವುದೇ ಹೆಚ್ಚು. ಕೈಗೆ ಹತ್ತಿರ ಕಂಡ ಕಡೆ ತಡೆದು, ತಮ್ಮದೇ ಹೊಲದೊಳಕ್ಕೆ ಎದುರಾಳಿಯನ್ನು ದಾರಿ ತೋರಿಸಿ ಕರೆದುಕೊಂಡು ಬರುತ್ತಾರೆ.

*ಕೊಮೊಕು.* ಇದು ನಮ್ಮ ಪ್ರಶ್ನೆಗೆ ‘ಹೌದು, ಇನ್ನೊಂದು ಕಲ್ಲು ಬೇಕು’ ಎಂದೇ ಉತ್ತರಿಸುವ ಬಿಂದು. ಆರ್-16ರಲ್ಲಿ ಕಲ್ಲಿಟ್ಟರೆ ಅದು ಬಲ ಅಂಚಿನಿಂದ ಮೂರನೆಯ ಗೆರೆ, ಮೇಲಿನ ಅಂಚಿನಿಂದ ನಾಲ್ಕನೆಯ ಗೆರೆ. ಬಲಗಡೆ ತಗ್ಗಿ ಕುಳಿತು ಮೇಲ್ಗಡೆ ಸ್ವಲ್ಪ ಸಂದು ಬಿಟ್ಟಂತೆ. ಆ ಸಂದಿಯನ್ನು ಪಿ-17ರ ಕಲ್ಲಿನಿಂದ ಮುಚ್ಚಿದರೆ ಎರಡೇ ಕಲ್ಲಿನಲ್ಲಿ ಹತ್ತು ಬಿಂದುಗಳ ಆಸುಪಾಸಿನ ಮೂಲೆ ಗಟ್ಟಿಯಾಗುತ್ತದೆ. ಇಂಥ ಮುಚ್ಚುವಿಕೆಗೆ ಶಿಮಾರಿ ಎನ್ನುತ್ತಾರೆ. ಒಂದು ಗೆರೆ ಎತ್ತರದಲ್ಲಿ ಪಿ-16ರಲ್ಲೂ ಮುಚ್ಚಬಹುದು. ಆಗ ಮೂಲೆ ತುಸು ಸಡಿಲ, ನಡುಭಾಗದ ಕಡೆಗಿನ ನೋಟ ತುಸು ಚೆನ್ನ.

ಇಲ್ಲೊಂದು ಸೊಗಸಿದೆ. ಎದುರಾಳಿ ಈ ಕೊಮೊಕುವನ್ನು ಸಮೀಪಿಸಬೇಕೆಂದರೆ ಅವರಿಗೂ ಬೇಕಾದ ಬಿಂದುಗಳು ಅವೇ, ಪಿ-17 ಅಥವಾ ಪಿ-16. ನಿಮ್ಮ ಶಿಮಾರಿಯ ಜಾಗ ಮತ್ತು ಅವರ ಕಕಾರಿಯ, ಎಂದರೆ ಸಮೀಪಿಸುವ ನಡೆಯ, ಜಾಗ ಒಂದೇ ಆದ್ದರಿಂದ, ಯಾರು ಮೊದಲು ಅಲ್ಲಿ ಕಲ್ಲಿಡುತ್ತಾರೋ ಅವರಿಗೆ ಇಬ್ಬರ ಪಾಲಿನ ಲಾಭ. ಕೊಮೊಕು ಇಟ್ಟು ಮರೆತುಬಿಡುವವರು ಹೋಶಿ ಇಟ್ಟು ಮರೆತವರಿಗಿಂತ ಹೆಚ್ಚು ಕಳೆದುಕೊಳ್ಳುವುದು ಇದರಿಂದಲೇ. ಖಾಲಿ ಮೂಲೆಗಳು ತುಂಬುವವರೆಗೆ ಕಾಯಬಹುದು. ನಾಲ್ಕೂ ಮೂಲೆ ತುಂಬಿದ ತಕ್ಷಣ ಕಣ್ಣು ಹೋಗಬೇಕಾದದ್ದು ಹಲಗೆಯ ಮೇಲಿರುವ ಕೊಮೊಕುಗಳ ಕಡೆಗೆ, ನಿಮ್ಮದಿರಲಿ, ಅವರದಿರಲಿ.

ಬಿಳಿ ಮೊದಲೇ ಪಿ-17ಕ್ಕೆ ಬಂದುಬಿಟ್ಟರೆ ಗಾಬರಿಯಾಗಬೇಕಿಲ್ಲ. ಕ್ಯೂ-15ರಲ್ಲಿ ಓರೆಯಾಗಿ ಒಂದು ಹೆಜ್ಜೆ ಇಡುವ ಉತ್ತರ ಶುಸಾಕು ಅವರ ಹೆಸರಿನಲ್ಲೇ ಪ್ರಸಿದ್ಧವಾಗಿದೆ. 1829ರಿಂದ 1862ರವರೆಗೆ ಬದುಕಿದ್ದ, ಜಪಾನಿನ ಆಗಿನ ಸೇನಾಡಳಿತಗಾರ ಶೋಗುನ್‌ನ ಕೋಟೆಯಲ್ಲಿ ನಡೆಯುತ್ತಿದ್ದ ವಾರ್ಷಿಕ ಆಟಗಳಲ್ಲಿ ಸತತ 19 ಗೆದ್ದ ಈ ಆಟಗಾರ, ಕಪ್ಪು ಕಲ್ಲು ಕೈಗೆ ಬಂದಾಗ ಮೂರು ಮೂಲೆಗಳಲ್ಲಿ ಕೊಮೊಕು ಇಟ್ಟು, ಬಳಿಕ ಈ ಓರೆ ಹೆಜ್ಜೆಯಿಂದ ಆಟವನ್ನು ಶಾಂತವಾಗಿ ಹಿಡಿತಕ್ಕೆ ತೆಗೆದುಕೊಳ್ಳುತ್ತಿದ್ದರು. ಆಗ ಕೋಮಿ ಇರಲಿಲ್ಲ. ಎಂದರೆ ಮೊದಲು ಆಡಿದ್ದಕ್ಕೆ ಪರಿಹಾರವಾಗಿ ಬಿಳಿಗೆ ಅಂಕ ಕೊಡುವ ಪದ್ಧತಿಯೇ ಇರಲಿಲ್ಲ. ಈಗ ಜಪಾನ್ ಮತ್ತು ಕೊರಿಯಾಗಳಲ್ಲಿ 6.5, ಚೀನಾದಲ್ಲಿ 7.5 ಅಂಕ ಕೊಡುತ್ತಾರೆ. ಕೋಮಿ ಬಂದ ಮೇಲೆ ಈ ಓರೆ ಹೆಜ್ಜೆ ನಿಧಾನವೆಂದು ಬಹುಕಾಲ ಮೂಲೆಗುಂಪಾಗಿತ್ತು. ಕಂಪ್ಯೂಟರ್‌ಗಳು ಅದಕ್ಕೆ ಮತ್ತೆ ಮರ್ಯಾದೆ ತಂದುಕೊಟ್ಟಿವೆ. ಬಿಳಿ ಎತ್ತರದಿಂದ, ಪಿ-16ರಲ್ಲಿ ಬಂದರೆ ಪಿ-17ರಲ್ಲಿ ಕೆಳಗಿನಿಂದ ಅಂಟಿಕೊಳ್ಳುವುದು ಸುಲಭದ ಉತ್ತರ: ಬಿಳಿ ಓ-17ರಲ್ಲಿ ತಡೆಯುತ್ತದೆ, ಕಪ್ಪು ಕ್ಯೂ-17ಕ್ಕೆ ಹಿಂದೆಗೆದು ಕೂಡಿಕೊಳ್ಳುತ್ತದೆ. ಈಗ ಬಿಳಿಯ ಎರಡು ಕಲ್ಲುಗಳ ನಡುವೆ ಓ-16ರಲ್ಲಿ ಕತ್ತರಿಸುವ ಜಾಗವೊಂದು ಉಳಿದಿರುವುದರಿಂದ ಅದನ್ನು ರಿಪೇರಿ ಮಾಡಲು ಬಿಳಿಗೆ ಒಂದು ನಡೆ ಖರ್ಚಾಗುತ್ತದೆ. ಮೂಲೆಯ ನೆಲವಂತೂ ಆಗಲೇ ಕಪ್ಪಿನದಾಗಿದೆ.

*ಉಳಿದ ಮೂರು.* ಆರ್-17ರ ಸಾನ್‌ಸಾನ್ ಒಂದೇ ಕಲ್ಲಿನಲ್ಲಿ ಮೂಲೆಯನ್ನು ನಿಜವಾಗಿ ಮುಗಿಸುತ್ತದೆ, ಆದರೆ ತೀರ ತಗ್ಗಿ ಕೂರುತ್ತದೆ. ಎದುರಾಳಿ ಕ್ಯೂ-16ರಲ್ಲಿ ತಲೆಯ ಮೇಲೆ ಒತ್ತಿದರೆ ಹೊರಗಿನ ಲೋಕ ಕಾಣುವುದಿಲ್ಲ. ಪಿ-17 ಅಥವಾ ಆರ್-15ರ ಮೊಕುಹಜುಶಿ, ಪಿ-16 ಅಥವಾ ಕ್ಯೂ-15ರ ತಕಾಮೊಕು, ಇವೆರಡೂ ಮೂಲೆಯನ್ನು ಅರ್ಧ ಬಿಟ್ಟುಕೊಟ್ಟು ಅಂಚನ್ನೋ ನಡುವನ್ನೋ ಹಿಡಿಯುವ ನಡೆಗಳು. ಕಂಪ್ಯೂಟರ್‌ಗಳು ಇವಕ್ಕೆ ಸ್ವಲ್ಪ ಕಡಿಮೆ ಬೆಲೆ ಕಟ್ಟುತ್ತವೆ. ಹೊಸಬರ ಮಟ್ಟದಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲವಾದರೂ, ಇವುಗಳಿಂದ ಹುಟ್ಟುವ ಜಗಳಗಳು ಸಿಕ್ಕಾಪಟ್ಟೆ ಕವಲೊಡೆಯುವುದರಿಂದ ಸದ್ಯಕ್ಕೆ ದೂರವಿಡುವುದು ಒಳ್ಳೆಯದು. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಮೊಕುಹಜುಶಿಯಿಂದ ಹೊರಡುವ ತೈಶಾ ಎಂಬ ಉದ್ದನೆಯ ಜೊಸೆಕಿಯ ಒಂದು ಕವಲನ್ನು ವಾರಗಟ್ಟಲೆ ಬಾಯಿಪಾಠ ಮಾಡಿ ಆಟಕ್ಕಿಳಿದಿದ್ದೆ. ಎದುರಾಳಿ ನಾಲ್ಕನೆಯ ಕಲ್ಲಿನಲ್ಲೇ ಪಾಠದಲ್ಲಿಲ್ಲದ ಕಡೆ ಇಟ್ಟರು. ಅವರ ನಡೆ ತಪ್ಪೆಂದು ನನಗೆ ಗೊತ್ತಿತ್ತು, ಏಕೆ ತಪ್ಪೆಂದು ಮಾತ್ರ ಗೊತ್ತಿರಲಿಲ್ಲ. ಇಡೀ ಮೂಲೆಯನ್ನು ಕಳೆದುಕೊಂಡೆ.

ನಾಲ್ಕನೆಯ ಹೆಜ್ಜೆ: ಎರಡನೆಯ ಮೂಲೆಯನ್ನು ಮೊದಲನೆಯದರ ಜೊತೆ ಹೊಂದಿಸಿ

ಒಂದೇ ಮೂಲೆಯ ಕಲ್ಲನ್ನು ಪ್ರತ್ಯೇಕವಾಗಿ ತೂಗಬಾರದು. ಕಪ್ಪು ಸಾಮಾನ್ಯವಾಗಿ ಮೊದಲನೆಯ ಮತ್ತು ಮೂರನೆಯ ನಡೆಯಲ್ಲಿ ಎರಡು ಮೂಲೆಗಳನ್ನು ಹಿಡಿಯುತ್ತದೆ. ಈ ಎರಡು ಕಲ್ಲುಗಳ ನಡುವಿನ ಅಂಚಿನಲ್ಲಿ ಏನಾಗಬೇಕೆಂದು ಬಯಸುತ್ತೀರೋ ಅದೇ ನಿಮ್ಮ ಆಯ್ಕೆಯನ್ನು ತೀರ್ಮಾನಿಸಬೇಕು. ಜಪಾನಿಯಲ್ಲಿ ಈ ಇಡೀ ಹಲಗೆಯ ಏರ್ಪಾಡಿಗೆ ಫುಸೆಕಿ ಎನ್ನುತ್ತಾರೆ.

ಅತ್ಯಂತ ಸರಳವಾದ ಏರ್ಪಾಡೆಂದರೆ ಕ್ಯೂ-16, ಕ್ಯೂ-4 ಎರಡೂ ಹೋಶಿ. ಅವುಗಳ ನಡುವೆ ಕ್ಯೂ-10ರಲ್ಲಿ ಮೂರನೆಯದನ್ನೂ ಇಟ್ಟರೆ ಅದು ಸಾನ್‌ರೆನ್‌ಸೇ, ಒಂದೇ ಸಾಲಿನ ಮೂರು ಚುಕ್ಕಿ. ಜಪಾನಿನ ಆಟಗಾರ ತಕೆಮಿಯಾ ಮಸಾಕಿ ಇದರಿಂದ ಹಲಗೆಯ ನಡುವೆ ಕಟ್ಟುತ್ತಿದ್ದ ವಿಶಾಲ ಕೋಟೆಗಳನ್ನು ಜನ ‘ಬ್ರಹ್ಮಾಂಡ ಶೈಲಿ’ ಎಂದೇ ಕರೆದರು. ನೋಡಲು ಭವ್ಯ, ಆಡಲು ಕಷ್ಟ. ಮೂಲೆಗಳೆಲ್ಲ ತೆರೆದಿರುವುದರಿಂದ ಒಳನುಗ್ಗಿದವರನ್ನು ಹಿಡಿಯುವ ಅಥವಾ ಅಟ್ಟಿ ಲಾಭ ಪಡೆಯುವ ಕಸುವು ಬೇಕು. ಆದರೂ ಕಾದಾಟ ಕಲಿಯಬೇಕೆನ್ನುವ ಹೊಸಬರಿಗೆ ನಾನು ಇದನ್ನು ಸಂಕೋಚವಿಲ್ಲದೆ ಸೂಚಿಸುತ್ತೇನೆ.

ಕೊಮೊಕು ಬೆರೆಸುವಾಗ ದಿಕ್ಕಿನ ಪ್ರಶ್ನೆ ಬರುತ್ತದೆ, ಹೊಸಬರು ಎಡವುವುದು ಇಲ್ಲಿಯೇ. ಆರ್-16ರ ಕೊಮೊಕುವಿಗೆ ಮೇಲಿನ ಅಂಚಿನ ಕಡೆ ಬಾಗಿಲಿದೆ, ಎದುರಾಳಿ ಬರುವುದು ಪಿ-17ರಿಂದ. ಅದರ ಪ್ರತಿಬಿಂಬವಾದ ಕ್ಯೂ-17ಕ್ಕೆ ಬಲ ಅಂಚಿನ ಕಡೆ ಬಾಗಿಲಿದೆ, ಎದುರಾಳಿ ಬರುವುದು ಆರ್-15ರಿಂದ. ಎರಡೂ 3-4 ಬಿಂದುಗಳೇ, ಆದರೆ ಬಾಗಿಲು ಯಾರ ಅಂಗಳಕ್ಕೆ ತೆರೆಯುತ್ತದೆ ಎಂಬುದರಲ್ಲಿ ಅಜಗಜಾಂತರ. ಮೇಲಿನ ಎಡ ಮೂಲೆ ಬಿಳಿಯದು, ಕೆಳಗಿನ ಬಲ ಮೂಲೆ ನಿಮ್ಮದು ಎಂದಿಟ್ಟುಕೊಳ್ಳಿ. ಬಾಗಿಲು ಮೇಲಿನ ಅಂಚಿಗಿದ್ದರೆ ಒಳಬರುವ ಬಿಳಿ ಕಲ್ಲಿಗೆ ಹಿಂದೆ ತನ್ನವರದೇ ಬೆಂಬಲವಿದೆ. ಬಾಗಿಲು ಬಲ ಅಂಚಿಗಿದ್ದರೆ ಬರುವ ಬಿಳಿ ಕಲ್ಲು ನಿಮ್ಮ ಎರಡು ಮೂಲೆಗಳ ನಡುವೆ ಒಂಟಿಯಾಗಿ ಇಳಿಯಬೇಕು. ಅದನ್ನು ಎರಡೂ ಕಡೆಯಿಂದ ಒತ್ತಲು ನಿಮಗೆ ಅವಕಾಶವಿದೆ. ಅನುಭವಿಗಳು ಮೊದಲನೆಯದನ್ನೂ ಸಮರ್ಥ ಕಾರಣಗಳಿಗಾಗಿ ಆಡುತ್ತಾರೆ. ಕಲಿಯುವವರಿಗೆ ಎರಡನೆಯದು ಕ್ಷೇಮ.

ಚೀನೀ ಫುಸೆಕಿ ಎಂದು ಹೆಸರಾದ ಏರ್ಪಾಡು ಈ ವಿಚಾರವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಮೇಲೆ ಕ್ಯೂ-16ರಲ್ಲಿ ಹೋಶಿ, ಕೆಳಗೆ ಕ್ಯೂ-3ರಲ್ಲಿ ಬಲ ಅಂಚಿಗೆ ಬಾಗಿಲಿರುವ ಕೊಮೊಕು, ಐದನೆಯ ನಡೆಯಾಗಿ ಅಂಚಿನ ಮೇಲೆ ಆರ್-9. ಬಾಗಿಲನ್ನು ಮುಚ್ಚುವ ಬದಲು ಬಾಗಿಲ ಎದುರಿಗೆ ಕಾವಲುಗಾರನನ್ನು ಕೂರಿಸಿದಂತೆ. ಬಿಳಿ ಈಗ ಆರ್-5ಕ್ಕೆ ಬಂದರೆ ಅದಕ್ಕೆ ಅಂಚಿನ ಮೇಲೆ ಕಾಲು ಚಾಚಲು ಜಾಗವಿಲ್ಲ, ಆದ್ದರಿಂದ ಬರಲೇ ಹಿಂಜರಿಯುತ್ತದೆ. 1960ರ ದಶಕದಲ್ಲಿ ಚೆನ್ ಜುದೆ ಮೊದಲಾದ ಚೀನೀ ಆಟಗಾರರು ಇದನ್ನು ಬೆಳೆಸಿದರು. ಇಲ್ಲಿ ಕೊಮೊಕು ಬೇಡಿದ ಎರಡನೆಯ ಕಲ್ಲನ್ನು ಕೊಟ್ಟದ್ದೂ ಆಯಿತು, ಮೂಲೆಯೊಳಗೆ ಕೊಡದೆ ಉಳಿಸಿದ್ದೂ ಆಯಿತು.

ಐದನೆಯ ಹೆಜ್ಜೆ: ಎದುರಿನ ಮೂಲೆಯತ್ತ ಒಮ್ಮೆ ಕಣ್ಣು ಹಾಯಿಸಿ

ಕಲ್ಲೊಂದನ್ನು ಓರೆಯಾಗಿ ಅಟ್ಟುತ್ತ ಅಂಕುಡೊಂಕಾಗಿ ಹಲಗೆಯುದ್ದಕ್ಕೂ ಓಡಿಸುವ ಕ್ರಮಕ್ಕೆ ಏಣಿ ಎನ್ನುತ್ತಾರೆ. ಮೇಲಿನ ಬಲ ಮೂಲೆಯಿಂದ ಒಳಮುಖವಾಗಿ ಹೊರಟ ಏಣಿ ತಲುಪುವುದು ಕೆಳಗಿನ ಎಡ ಮೂಲೆಗೆ. ಅಲ್ಲಿ ಓಡುವವರ ಕಲ್ಲೊಂದು ದಾರಿಯಲ್ಲಿದ್ದರೆ ಏಣಿ ಮುರಿಯುತ್ತದೆ, ಅಟ್ಟಿದವರ ಕಲ್ಲುಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಕೊಮೊಕುವಿನಿಂದ ಹುಟ್ಟುವ ಹಲವು ಜೊಸೆಕಿಗಳು ಏಣಿ ನಿಮ್ಮ ಪರವಾಗಿದ್ದರೆ ಮಾತ್ರ ನಡೆಯುತ್ತವೆ. ಆದ್ದರಿಂದ ಜಟಿಲವಾದ ಕವಲೊಂದಕ್ಕೆ ಇಳಿಯುವ ಮೊದಲು ಕರ್ಣದ ಆ ತುದಿಯಲ್ಲಿ ಯಾರ ಕಲ್ಲಿದೆಯೆಂದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಹೋಶಿಯ ಸರಳ ಜೊಸೆಕಿಗಳಲ್ಲಿ ಈ ಚಿಂತೆ ಬಹುಮಟ್ಟಿಗೆ ಇಲ್ಲ; ಹೊಸಬರಿಗೆ ಮೊದಲು ಹೋಶಿಯನ್ನೇ ಕಲಿಸುವುದಕ್ಕೆ ಇದೂ ಒಂದು ಕಾರಣ.

ಪದ್ಧತಿಗಳು ಬದಲಾಗುತ್ತವೆ ಎಂಬುದು ನೆನಪಿರಲಿ

ಇಂದು ಸಹಜವೆನಿಸುವ ಹೋಶಿ ಎಡೊ ಕಾಲದ (1603-1868) ಜಪಾನಿನಲ್ಲಿ ಸಮಬಲದವರ ಆಟದಲ್ಲಿ ಅಪರೂಪವಾಗಿತ್ತು. ಬಲಹೀನರಿಗೆ ಮುನ್ನಡೆಯಾಗಿ ಎರಡರಿಂದ ಒಂಬತ್ತರವರೆಗೆ ಕಲ್ಲು ಕೊಡುವಾಗ ಮಾತ್ರ ಚುಕ್ಕಿಗಳು ತುಂಬುತ್ತಿದ್ದವು. ಅದೇ ಕಾಲದ ಚೀನಾದಲ್ಲಿ ಆಟ ಶುರುವಾಗುತ್ತಿದ್ದುದೇ ಎದುರುಬದುರಾದ ನಾಲ್ಕು ಹೋಶಿಗಳಲ್ಲಿ ಎರಡು ಕಪ್ಪು, ಎರಡು ಬಿಳಿ ಕಲ್ಲುಗಳನ್ನು ಮೊದಲೇ ಇಟ್ಟು. ನಮ್ಮ ಸಿಕ್ಕಿಂವರೆಗೂ ಹಬ್ಬಿದ್ದ ಟಿಬೆಟ್ಟಿನ ಆಟದಲ್ಲಂತೂ 17 ಗೆರೆಯ ಹಲಗೆಯ ಮೇಲೆ 12 ಕಲ್ಲುಗಳು ಮೊದಲೇ ಕುಳಿತಿರುತ್ತವೆ. ಈ ಲೇಖನದ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ಜಪಾನಿನಲ್ಲಿ ಗೋ ಕಲಿಸುತ್ತಿದ್ದ ಹೊನ್‌ಇನ್‌ಬೊ ಮನೆತನದಲ್ಲಿ ಸಾನ್‌ಸಾನ್ ನಿಷಿದ್ಧ ನಡೆಯಾಗಿತ್ತು. 1933ರ ಅಕ್ಟೋಬರ್ 16ರಂದು ಆ ಮನೆತನದ ಯಜಮಾನ ಶುಸಾಯಿ ಅವರ ಎದುರು ಕುಳಿತ 19ರ ಹರೆಯದ ಗೋ ಸೇಗೆನ್ ಮೊದಲ ಕಲ್ಲನ್ನು ಅದೇ ಸಾನ್‌ಸಾನ್‌ನಲ್ಲಿ, ಎರಡನೆಯದನ್ನು ಕರ್ಣದ ಎದುರು ಮೂಲೆಯ ಹೋಶಿಯಲ್ಲಿ, ಮೂರನೆಯದನ್ನು ಹಲಗೆಯ ನಟ್ಟನಡುವೆ ಇಟ್ಟರು. ಆಟ 1934ರ ಜನವರಿ 29ರವರೆಗೆ ಎಳೆದು ಶುಸಾಯಿ 2 ಅಂಕಗಳಿಂದ ಗೆದ್ದರು. ಆದರೆ ಮೂಲೆಗೆ ಒಂದೇ ಕಲ್ಲು ಕೊಟ್ಟು ಬೇರೆಡೆಗೆ ಹೋಗುವುದು ಅಪಚಾರವಲ್ಲ ಎಂಬುದನ್ನು ಇಡೀ ದೇಶ ನೋಡಿತ್ತು. ಗೋ ಸೇಗೆನ್ ಮತ್ತು ಇನ್ನೊಬ್ಬ ಆಟಗಾರ ಕಿತಾನಿ ಮಿನೊರು ಸೇರಿ 1933ರಲ್ಲಿ ಹುಟ್ಟುಹಾಕಿದ ಹೊಸ ಫುಸೆಕಿಯ ಜೀವಾಳ ಅದೇ, ವೇಗ.

ಕೊನೆಯ ಹೆಜ್ಜೆ: ಅಭ್ಯಾಸದ ಒಂದು ಕ್ರಮ

ಮೊದಲ ಹತ್ತು ಆಟಗಳನ್ನು, ಕಪ್ಪಾಗಲಿ ಬಿಳಿಯಾಗಲಿ, ಎರಡು ಹೋಶಿಗಳಿಂದಲೇ ಆರಂಭಿಸಿ. ಪ್ರತಿ ಆಟ ಮುಗಿದ ಮೇಲೆ ಗೆಲುವು ಸೋಲನ್ನು ಬದಿಗಿಟ್ಟು ಎರಡೇ ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಎದುರಾಳಿ ಯಾವ ಕಡೆಯಿಂದ ಸಮೀಪಿಸಿದರು, 3-3ಕ್ಕೆ ನುಗ್ಗಿದಾಗ ನೀವು ಯಾವ ಕಡೆ ತಡೆದಿರಿ. ಮುಂದಿನ ಹತ್ತು ಆಟಗಳಲ್ಲಿ ಒಂದು ಹೋಶಿಯನ್ನು ತೆಗೆದು ಅಲ್ಲಿ ನಿಮ್ಮ ಅಂಗಳಕ್ಕೆ ಬಾಗಿಲಿರುವ ಕೊಮೊಕು ಇಡಿ. ಈಗ ಬರೆಯಬೇಕಾದದ್ದು, ಶಿಮಾರಿಯ ಬಿಂದುವಿಗೆ ಮೊದಲು ತಲುಪಿದವರು ಯಾರು, ಎಷ್ಟನೆಯ ನಡೆಯಲ್ಲಿ ಎಂಬುದು. ಎದುರಾಳಿಯೇ ಮೊದಲು ತಲುಪಿದ ಆಟಗಳಲ್ಲಿ ಅದಕ್ಕೆ ಮುಂಚಿನ ನಿಮ್ಮ ನಡೆ ಎಲ್ಲಿತ್ತೆಂದು ತಿರುಗಿ ನೋಡಿ; ಅದು ಖಾಲಿ ಮೂಲೆಯಲ್ಲಿದ್ದರೆ ಸರಿ, ಅಂಚಿನಲ್ಲೆಲ್ಲೋ ಇದ್ದರೆ ಕ್ರಮ ತಪ್ಪಿದೆ.

ಉಚಿತವಾಗಿ ಸಿಗುವ ಕಾಟಾಗೋ ತಂತ್ರಾಂಶದಲ್ಲಿ ಆಟವನ್ನು ಪರೀಕ್ಷಿಸುವುದು ಒಳ್ಳೆಯದೇ. ಮೊದಲ ಹತ್ತಿಪ್ಪತ್ತು ನಡೆಗಳಲ್ಲಿ ಅದು ತೋರಿಸುವ ಅರ್ಧ ಅಂಕ, ಕಾಲು ಅಂಕದ ನಷ್ಟಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಸಬರ ಆಟದಲ್ಲಿ ಕಲ್ಲುಗಳ ಒಂದು ಗುಂಪು ಸತ್ತರೆ ಹೋಗುವುದು ಇಪ್ಪತ್ತು ಮೂವತ್ತು ಅಂಕ. ಮೂಲೆಯ ಒಂದೇ ನಡೆಯಲ್ಲಿ ಎರಡು ಮೂರು ಅಂಕ ಇಳಿದದ್ದು ಕಂಡರೆ ಮಾತ್ರ ನಿಂತು ನೋಡಿ. ಬಹಳ ಸಲ ಅದು ತಡೆಯುವ ದಿಕ್ಕು ತಪ್ಪಿದ ಕಲ್ಲಾಗಿರುತ್ತದೆ. ಆರ್-16ರ ಬದಲು ಕ್ಯೂ-17.